ಚಿಕ್ಕೋಡಿ ಸೀಮೆಯಲ್ಲಿ ತೀವ್ರ ನಿಗಾ ಸೌಲಭ್ಯಗಳ ಹಂಚಿಕೆ: ದೂರದ ಪ್ರಶ್ನೆ

ಸಾಂಕ್ರಾಮಿಕ ರೋಗವು ಉಲ್ಬಣಿಸಿದ ಕಾಲದಲ್ಲಿ ತೀವ್ರ ನಿಗಾ ಘಟಕದ ಹಾಸಿಗೆಗಳನ್ನು ಯಾರಿಗೆ, ಯಾವ ತತ್ತ್ವದ ಆಧಾರದ ಮೇಲೆ ನೀಡಬೇಕೆಂಬ ಪ್ರಶ್ನೆ ವೈದ್ಯಕೀಯ ನೀತಿಶಾಸ್ತ್ರದಲ್ಲಿ ವಿಪುಲವಾಗಿ ಚರ್ಚೆಗೊಳಗಾಗಿದೆ. ಈ ಚರ್ಚೆಗಳಲ್ಲಿ ಬಹುತೇಕ ಎಲ್ಲವೂ ಒಂದೇ ದೃಶ್ಯವನ್ನು ಕಲ್ಪಿಸಿಕೊಂಡು ಹೊರಡುತ್ತವೆ: ಒಂದು ವೆಂಟಿಲೇಟರ್, ಅದರ ಮುಂದೆ ಇಬ್ಬರು ರೋಗಿಗಳು, ನಿರ್ಣಯಿಸಬೇಕಾದ ಒಬ್ಬ ವೈದ್ಯ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸಂದರ್ಭದಲ್ಲಿ ಈ ದೃಶ್ಯ ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿ ಇಬ್ಬರು ರೋಗಿಗಳು ಒಂದೇ ಬಾಗಿಲಿಗೆ ಒಂದೇ ವೇಳೆಗೆ ತಲುಪುವುದೇ ಅಪರೂಪ. ಒಬ್ಬನು ಬಾಗಿಲಲ್ಲಿರುತ್ತಾನೆ, ಇನ್ನೊಬ್ಬನು ಕೃಷ್ಣಾ ನದಿಯ ಆಚೆಗೋ ರಾಜ್ಯದ ಗಡಿಯ ತಪಾಸಣಾ ಠಾಣೆಯಲ್ಲೋ ಆಂಬ್ಯುಲೆನ್ಸಿನಲ್ಲಿರುತ್ತಾನೆ. ಹಂಚಿಕೆಯ ನಿರ್ಣಯವು ಹಾಸಿಗೆಯ ಪಕ್ಕದಲ್ಲಿ ನಡೆಯುವ ಮೊದಲೇ ರಸ್ತೆಯ ಮೇಲೆ ನಡೆದುಹೋಗಿರುತ್ತದೆ. 2020 ಮತ್ತು 2021ರ ಕೋವಿಡ್ ಅನುಭವದ ಹಿನ್ನೆಲೆಯಲ್ಲಿ ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ವಿಂಗಡಣೆಯ ತತ್ತ್ವಗಳು

ಇಂದು ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವ 'ಟ್ರಯಾಜ್' ಎಂಬ ಪದ ಫ್ರೆಂಚ್ ಮೂಲದ್ದು. ಉಣ್ಣೆ, ಕಾಫಿಬೀಜ ಮೊದಲಾದ ಸರಕುಗಳನ್ನು ಗುಣಕ್ಕನುಸಾರ ಬೇರ್ಪಡಿಸುವ ಕೆಲಸಕ್ಕೆ ಆ ಮಾತು ಸಲ್ಲುತ್ತಿತ್ತು. ನೆಪೋಲಿಯನ್ನನ ಸೇನೆಯಲ್ಲಿ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಜಾನ್ ಲಾರೇ ಗಾಯಾಳುಗಳ ಪದವಿಯನ್ನು ನೋಡದೆ ಗಾಯದ ತೀವ್ರತೆಯನ್ನು ಮಾತ್ರ ನೋಡಿ ಚಿಕಿತ್ಸೆಯ ಕ್ರಮವನ್ನು ನಿಶ್ಚಯಿಸುವ ಪದ್ಧತಿಯನ್ನು ರೂಢಿಸಿದನು. ಕನ್ನಡದಲ್ಲಿ ಇದಕ್ಕೆ 'ವಿಂಗಡಣೆ' ಎಂಬ ಮಾತು ಸಾಕಾಗುತ್ತದೆ. ತಂಬಾಕಿನ ಎಲೆಯನ್ನು ತರಗತಿವಾರು ಬೇರ್ಪಡಿಸುವುದೇ ಪೀಳಿಗೆಗಳಿಂದ ಹೆಂಗಸರ ದಿನಗೂಲಿಯ ಕೆಲಸವಾಗಿರುವ ನಿಪ್ಪಾಣಿಯಲ್ಲಿ ಈ ಪದದ ಅರ್ಥವನ್ನು ಯಾರಿಗೂ ವಿವರಿಸಬೇಕಾದುದಿಲ್ಲ.

ಕೊರತೆಯ ಕಾಲದ ಹಂಚಿಕೆಗೆ ಆಧುನಿಕ ವೈದ್ಯಕೀಯದಲ್ಲಿ ಸಿಗುವ ಮೊದಲ ಪ್ರಸಿದ್ಧ ಉದಾಹರಣೆ ಅಮೆರಿಕದ ಸಿಯಾಟಲ್ ನಗರದ ಡಯಾಲಿಸಿಸ್ ಕೇಂದ್ರದ್ದು. 1960ರ ದಶಕದ ಆರಂಭದಲ್ಲಿ ಅಲ್ಲಿ ಯಂತ್ರಗಳು ಕೆಲವೇ ಇದ್ದು, ಮೂತ್ರಪಿಂಡ ವೈಫಲ್ಯಕ್ಕೆ ಒಳಗಾದವರಲ್ಲಿ ಯಾರಿಗೆ ಯಂತ್ರ ದೊರೆಯಬೇಕೆಂಬುದನ್ನು ಬಹುಪಾಲು ವೈದ್ಯರಲ್ಲದ ನಾಗರಿಕರಿಂದ ಕೂಡಿದ, ಹೆಸರು ಬಹಿರಂಗಪಡಿಸದ ಸಮಿತಿಯೊಂದು ತೀರ್ಮಾನಿಸುತ್ತಿತ್ತು. ಸಮಿತಿಯು ಅಭ್ಯರ್ಥಿಯ ಉದ್ಯೋಗ, ಮಕ್ಕಳು, ಚರ್ಚಿನೊಡನೆಯ ಸಂಬಂಧಗಳನ್ನು ತೂಗಿ ನೋಡಿತೆಂಬುದು 1962ರಲ್ಲಿ ಪತ್ರಿಕೆಯ ಮೂಲಕ ಹೊರಬಿದ್ದಾಗ ತೀವ್ರ ಟೀಕೆಗೆ ಗುರಿಯಾಯಿತು. ಆದರೆ ಆ ಸಮಿತಿ ಆರಂಭದಲ್ಲೇ ಕೈಗೊಂಡ ಇನ್ನೊಂದು ನಿರ್ಣಯ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ವಾಷಿಂಗ್ಟನ್ ರಾಜ್ಯದ ನಿವಾಸಿಗಳನ್ನು ಮಾತ್ರ ಪರಿಗಣಿಸತಕ್ಕದ್ದು ಎಂಬುದೇ ಆ ನಿರ್ಣಯ. ವೈದ್ಯಕೀಯ ವಿಂಗಡಣೆಗೆ ಮೊದಲೇ ನಡೆಯುವ ಭೌಗೋಳಿಕ ವಿಂಗಡಣೆಗೆ ಇದು ಸ್ಪಷ್ಟ ನಿದರ್ಶನ.

2020ರ ಮಾರ್ಚ್‌ನಲ್ಲಿ ಇಟಲಿಯ ಅರಿವಳಿಕೆ ಮತ್ತು ತೀವ್ರ ನಿಗಾ ತಜ್ಞರ ಸಂಘವು ಪ್ರಕಟಿಸಿದ ಶಿಫಾರಸುಗಳು ಬದುಕುಳಿಯುವ ಸಂಭವವನ್ನೂ ಉಳಿದಿರಬಹುದಾದ ಆಯುಷ್ಯವನ್ನೂ ಮಾನದಂಡವಾಗಿ ಇಟ್ಟವು. ಬ್ರಿಟನ್ನಿನ ರಾಷ್ಟ್ರೀಯ ಸಂಸ್ಥೆಯು ಅದೇ ತಿಂಗಳು ದೇಹದ ದುರ್ಬಲತೆಯನ್ನು ಅಳೆಯುವ ಮಾಪನವನ್ನು ಸೂಚಿಸಿ, ಅಂಗವಿಕಲರ ಪರ ಸಂಘಟನೆಗಳ ಆಕ್ಷೇಪದ ಬಳಿಕ ಕೆಲವೇ ದಿನಗಳಲ್ಲಿ ಅದನ್ನು ತಿದ್ದಿತು. ಅಂಗಾಂಗಗಳ ವೈಫಲ್ಯವನ್ನು ಎಣಿಸುವ 'ಸೋಫಾ' ಅಂಕಪದ್ಧತಿಯೂ ಹಲವೆಡೆ ಬಳಕೆಗೆ ಬಂದಿತು. ಭಾರತದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಚಿಕಿತ್ಸಾ ಸೂತ್ರವು ರೋಗವನ್ನು ಸೌಮ್ಯ, ಮಧ್ಯಮ, ತೀವ್ರ ಎಂದು ವರ್ಗೀಕರಿಸಿತು. ರಕ್ತದ ಆಮ್ಲಜನಕ ಮಟ್ಟ ಶೇಕಡ 90ಕ್ಕಿಂತ ಕೆಳಗಿಳಿದರೆ ತೀವ್ರವೆಂದು ಗಣಿಸಲಾಯಿತು. ಈ ವರ್ಗೀಕರಣವು ಯಾರಿಗೆ ತೀವ್ರ ನಿಗಾ ಅಗತ್ಯ ಎಂಬುದಕ್ಕೆ ಉತ್ತರ ಕೊಡುತ್ತದೆ. ಅಗತ್ಯವುಳ್ಳವರು ಹತ್ತು ಮಂದಿಯಿದ್ದು ಹಾಸಿಗೆ ಎರಡೇ ಇದ್ದಾಗ ಏನು ಮಾಡತಕ್ಕದ್ದು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ತೆರಪನ್ನು ಬಹುಮಟ್ಟಿಗೆ ತುಂಬಿದ್ದು 'ಮೊದಲು ಬಂದವರಿಗೆ ಮೊದಲು' ಎಂಬ ಹಳೆಯ ವಾಡಿಕೆಯೇ.

ಸರದಿಯ ನಿಯಮ ಮೇಲ್ನೋಟಕ್ಕೆ ನಿಷ್ಪಕ್ಷಪಾತವಾಗಿ ಕಾಣುತ್ತದೆ. ಅದು ಜಾತಿಯನ್ನಾಗಲಿ ಸಂಪತ್ತನ್ನಾಗಲಿ ಕೇಳುವುದಿಲ್ಲ. ಆದರೆ ಎಲ್ಲರೂ ಆಸ್ಪತ್ರೆಯಿಂದ ಸಮಾನ ದೂರದಲ್ಲಿದ್ದಾಗ ಮಾತ್ರ ಆ ನಿಯಮ ನ್ಯಾಯಸಮ್ಮತವಾದುದು. ವೈದ್ಯಕೀಯ ನೀತಿಯ ವಿದ್ವಾಂಸರು ಇದನ್ನು ಸೂಚಿಸಿಲ್ಲವೆಂದಲ್ಲ. ಎಝೆಕಿಯೆಲ್ ಇಮ್ಯಾನ್ಯುಯೆಲ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಲೇಖನವು ಸರದಿ ಪದ್ಧತಿಯನ್ನು ನಿರಾಕರಿಸುವಾಗ ಆಸ್ಪತ್ರೆಯ ಸಮೀಪದಲ್ಲಿರುವವರಿಗೆ ಅದರಿಂದಾಗುವ ಅನುಚಿತ ಲಾಭವನ್ನೂ ಒಂದು ಕಾರಣವಾಗಿ ಕೊಟ್ಟಿದೆ. ಆದರೆ ಅಲ್ಲಿ ಅದು ಒಂದು ಉಪವಾಕ್ಯ. ಚಿಕ್ಕೋಡಿ ಸೀಮೆಗೆ ಅದೇ ಮುಖ್ಯ ವಾಕ್ಯವಾಗಬೇಕಾಗುತ್ತದೆ.

ಸೀಮೆಯ ಭೂಗೋಳ

ಬೆಳಗಾವಿಯು ವಿಸ್ತೀರ್ಣದಲ್ಲಿ ಕರ್ನಾಟಕದ ಅತಿ ದೊಡ್ಡ ಜಿಲ್ಲೆ. 2011ರ ಜನಗಣತಿಯಂತೆ ಜನಸಂಖ್ಯೆ 47 ಲಕ್ಷವನ್ನು ಮೀರಿದೆ. ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಕೆ.ಎಲ್.ಇ. ಸಂಸ್ಥೆಯ ಬೃಹತ್ ಆಸ್ಪತ್ರೆಯೂ ಜಿಲ್ಲೆಯ ದಕ್ಷಿಣ ಭಾಗದಲ್ಲಿರುವ ಬೆಳಗಾವಿ ನಗರದಲ್ಲಿವೆ. ಉತ್ತರದ ಐದು ತಾಲ್ಲೂಕುಗಳಿಗೆ ಈ ನಗರ ಸಮೀಪದ್ದಲ್ಲ. ಚಿಕ್ಕೋಡಿ, ನಿಪ್ಪಾಣಿಗಳಿಂದ ಅದು ಎಪ್ಪತ್ತೈದು ಕಿಲೋಮೀಟರಿನ ಆಸುಪಾಸು, ಅಥಣಿಯಿಂದ ಸುಮಾರು 140 ಕಿಲೋಮೀಟರ್. ಅದೇ ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿಲೋಮೀಟರ್. ಅಥಣಿಯಿಂದ ಮೀರಜ ಐವತ್ತೈದರಷ್ಟು. ಕಾಗವಾಡದಿಂದಂತೂ ಮೀರಜ ಇಪ್ಪತ್ತರ ಆಸುಪಾಸಿನಲ್ಲಿದೆ.

ಆದ್ದರಿಂದ ಈ ಭಾಗದ ರೋಗಿಗಳ ನೈಜ ಹರಿವು ಆಡಳಿತದ ಗಡಿಗೆ ಅಡ್ಡವಾಗಿಯೇ ಇದೆ. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ಜೇಮ್ಸ್ ವಾನ್‌ಲೆಸ್ 1894ರಲ್ಲಿ ಮೀರಜದಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಕೃಷ್ಣಾತೀರದ ಕನ್ನಡ ಹಳ್ಳಿಗಳಿಗೆ 'ದೊಡ್ಡ ದವಾಖಾನೆ' ಎಂದರೆ ಮೀರಜವೇ. ಬೆಳಗಾವಿ–ಮೀರಜ ರೈಲುಮಾರ್ಗ ರಾಯಬಾಗ, ಕುಡಚಿಗಳ ಮೂಲಕ ಹಾದುಹೋಗುವುದರಿಂದ ಈ ರೂಢಿ ಬಲಗೊಂಡಿತು. 1962ರಲ್ಲಿ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಸಿತಾರು, ತಂಬೂರಿಗಳಿಗೆ ಹೆಸರಾದ ಆ ಊರು ಗಡಿಯಾಚೆಯ ಕನ್ನಡಿಗರಿಗೆ ಪರಿಚಿತವಾದುದು ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ನೆನಪಿನಿಂದ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ರೋಗಿಗಳ ದಾರಿ ಮಾತ್ರ ಬದಲಾಗಲಿಲ್ಲ.

ಆರೋಗ್ಯ ವ್ಯವಸ್ಥೆಯ ಮಟ್ಟಗಳು ಆಡಳಿತ ಘಟಕಗಳನ್ನು ಅನುಸರಿಸುತ್ತವೆ: ಜಿಲ್ಲೆಗೊಂದು ಜಿಲ್ಲಾ ಆಸ್ಪತ್ರೆ, ತಾಲ್ಲೂಕಿಗೊಂದು ತಾಲ್ಲೂಕು ಆಸ್ಪತ್ರೆ. ಜೆ.ಎಚ್. ಪಟೇಲರ ಸರ್ಕಾರವು 1997ರಲ್ಲಿ ಚಿಕ್ಕೋಡಿಯನ್ನು ಪ್ರತ್ಯೇಕ ಜಿಲ್ಲೆಯಾಗಿಸಲು ಮುಂದಾಗಿ ಬಳಿಕ ಹಿಂದೆ ಸರಿದ ಸಂಗತಿಯನ್ನು ಸಾಮಾನ್ಯವಾಗಿ ಭಾಷೆ ಮತ್ತು ಗಡಿಯ ರಾಜಕಾರಣದ ಅಧ್ಯಾಯವಾಗಿ ಓದಲಾಗುತ್ತದೆ. ಅದು ಒಂದು ಜಿಲ್ಲಾ ಆಸ್ಪತ್ರೆಯ ಪ್ರಶ್ನೆಯೂ ಆಗಿತ್ತೆಂಬುದು 2020ರವರೆಗೆ ಯಾರ ಗಮನಕ್ಕೂ ಅಷ್ಟಾಗಿ ಬಂದಂತೆ ಕಾಣುವುದಿಲ್ಲ. ನಿಪ್ಪಾಣಿ ಮತ್ತು ಕಾಗವಾಡ ತಾಲ್ಲೂಕುಗಳಾದುದೇ 2018ರಲ್ಲಿ. ಸಾಂಕ್ರಾಮಿಕ ಬಂದಾಗ ಅವುಗಳಿಗೆ ಎರಡು ವರ್ಷ ವಯಸ್ಸು.

ಗಡಿ ಮುಚ್ಚಿದಾಗ

ಭಾರತದಲ್ಲಿ ದಾಖಲಾದ ಮೊದಲ ಕೋವಿಡ್ ಮರಣ ಕಲಬುರಗಿಯದು. 2020ರ ಮಾರ್ಚ್ 10ರಂದು ತೀರಿಕೊಂಡ ಆ ಹಿರಿಯರನ್ನು ಚಿಕಿತ್ಸೆಗಾಗಿ ಹೈದರಾಬಾದಿಗೆ ಕರೆದೊಯ್ಯಲಾಗಿತ್ತು. ಹಿಂದಿರುಗುವ ದಾರಿಯಲ್ಲಿ ಅವರ ಪ್ರಾಣ ಹೋಯಿತು. ಎರಡು ರಾಜ್ಯಗಳ ಆಸ್ಪತ್ರೆಗಳ ನಡುವಿನ ರಸ್ತೆಯ ಮೇಲೆ ಸಂಭವಿಸಿದ ಈ ಸಾವು ಗಡಿ ಜಿಲ್ಲೆಗಳ ಪಾಲಿಗೆ ಮುಂದಿನ ಎರಡು ವರ್ಷಗಳ ಮುನ್ಸೂಚನೆಯಂತಿತ್ತು.

ಗಡಿಯೇ ಹಂಚಿಕೆಯ ಮಾನದಂಡವಾದ ಅತ್ಯಂತ ಸ್ಪಷ್ಟ ಪ್ರಸಂಗ ಕಾಸರಗೋಡಿನದು. ಕಾಸರಗೋಡಿನ ಜನ, ಕನ್ನಡಿಗರೂ ಮಲಯಾಳಿಗಳೂ, ದೊಡ್ಡ ಕಾಯಿಲೆಗಳಿಗೆ ಮಂಗಳೂರನ್ನೇ ಆಶ್ರಯಿಸಿದವರು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ಗಡಿ ರಸ್ತೆಗಳನ್ನು ಮುಚ್ಚಿದಾಗ, ಕೆಲವೆಡೆ ಮಣ್ಣು ಸುರಿದು ತಡೆದಾಗ, ಕೋವಿಡ್ ಅಲ್ಲದ ಕಾಯಿಲೆಯವರೂ ತಲಪಾಡಿಯಿಂದ ಹಿಂದಿರುಗಬೇಕಾಯಿತು. ಸಕಾಲಕ್ಕೆ ಚಿಕಿತ್ಸೆ ದೊರೆಯದೆ ಹಲವರು ಮೃತಪಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆಗಳನ್ನು ತೆರವುಗೊಳಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ರೋಗಿಗಳ ಪ್ರವೇಶಕ್ಕೆ ಒಂದು ಕ್ರಮ ಒಪ್ಪಿತವಾದುದನ್ನು ಕೇಂದ್ರವು ತಿಳಿಸಿದ ಮೇಲೆ ಏಪ್ರಿಲ್ 7ರಂದು ಪ್ರಕರಣ ಮುಗಿಯಿತು. ಕರ್ನಾಟಕದ ವಾದದಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಮಂಗಳೂರಿನ ಹಾಸಿಗೆಗಳು ಮೊದಲು ದಕ್ಷಿಣ ಕನ್ನಡದವರಿಗೆ ಬೇಕಾಗಬಹುದೆಂಬ ಅಂಜಿಕೆ ನಿಜವಾದುದೇ ಆಗಿತ್ತು. ಆದರೆ ಅದೇ ವಾದವನ್ನು ಮಹಾರಾಷ್ಟ್ರವು ಮೀರಜದಲ್ಲಿ ಹೂಡಿದರೆ ಕಾಗವಾಡದ ರೋಗಿಯ ಗತಿಯೇನು? ತಲಪಾಡಿಯಲ್ಲಿ ಕೊಡುವ ಪಾತ್ರದಲ್ಲಿದ್ದ ಕರ್ನಾಟಕವು ಚಿಕ್ಕೋಡಿ ಸೀಮೆಯಲ್ಲಿ ಕೇಳುವ ಪಾತ್ರದಲ್ಲಿತ್ತು. ಎರಡು ಗಡಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲಷ್ಟೇ ನಿಯಮದ ನ್ಯಾಯ–ಅನ್ಯಾಯ ತಿಳಿಯುತ್ತದೆ.

ಈ ಸೀಮೆಯಲ್ಲಿಯೂ 2020ರ ಏಪ್ರಿಲ್‌ನಲ್ಲಿ ರಾಯಬಾಗ ತಾಲ್ಲೂಕಿನ ಕುಡಚಿ ಪಟ್ಟಣ ನಿರ್ಬಂಧಿತ ವಲಯವಾಯಿತು. ರಾಷ್ಟ್ರೀಯ ಹೆದ್ದಾರಿಯ ಕೊಗನೊಳ್ಳಿಯಲ್ಲೂ ಕಾಗವಾಡದಲ್ಲೂ ತಪಾಸಣಾ ಠಾಣೆಗಳು ಎದ್ದವು. 2021ರ ಫೆಬ್ರವರಿಯಿಂದ ಮಹಾರಾಷ್ಟ್ರದಿಂದ ಬರುವವರು ಆರ್‌ಟಿ–ಪಿಸಿಆರ್ ವರದಿ ತೋರಿಸಬೇಕಾಯಿತು. ತುರ್ತು ಚಿಕಿತ್ಸೆಗೆ ವಿನಾಯಿತಿ ಇದ್ದರೂ, ಅದನ್ನು ಠಾಣೆಯಲ್ಲಿ ರುಜುವಾತುಪಡಿಸಬೇಕಾದ ಹೊಣೆ ರೋಗಿಯ ಕಡೆಯವರದೇ ಆಗಿತ್ತು.

ದರದ ವಿಷಯದಲ್ಲಿ ಗಡಿ ಇನ್ನಷ್ಟು ಸೂಕ್ಷ್ಮವಾಗಿ ಕೆಲಸ ಮಾಡಿತು. ಕರ್ನಾಟಕ ಸರ್ಕಾರವು 2020ರ ಜೂನ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಶೇಕಡ 50ರಷ್ಟು ಹಾಸಿಗೆಗಳನ್ನು ಸರ್ಕಾರ ಕಳುಹಿಸುವ ರೋಗಿಗಳಿಗೆ ಮೀಸಲಿರಿಸಿ, ವೆಂಟಿಲೇಟರ್ ಸಹಿತ ತೀವ್ರ ನಿಗಾಕ್ಕೆ ದಿನಕ್ಕೆ 10,000 ರೂಪಾಯಿ ದರವನ್ನು ಗೊತ್ತುಪಡಿಸಿತು. ಈ ವೆಚ್ಚ ಸರ್ಕಾರದ್ದು. ನೇರವಾಗಿ ದಾಖಲಾಗುವವರಿಗೆ ಅದೇ ಹಾಸಿಗೆಗೆ ಮಿತಿ 25,000 ರೂಪಾಯಿ. ಮಹಾರಾಷ್ಟ್ರವು ಅದಕ್ಕೂ ಮೊದಲೇ, ಮೇ ತಿಂಗಳಲ್ಲಿ, ಖಾಸಗಿ ಆಸ್ಪತ್ರೆಗಳ ಶೇಕಡ 80ರಷ್ಟು ಹಾಸಿಗೆಗಳಿಗೆ ದರ ನಿಯಂತ್ರಣ ವಿಧಿಸಿ, ವೆಂಟಿಲೇಟರ್ ಸಹಿತ ತೀವ್ರ ನಿಗಾಕ್ಕೆ 9,000 ರೂಪಾಯಿಯ ಮಿತಿಯನ್ನಿಟ್ಟಿತ್ತು. ಇಪ್ಪತ್ತು ಕಿಲೋಮೀಟರ್ ದೂರದ ಮೀರಜಕ್ಕೆ ಹೋಗುವ ಕಾಗವಾಡದ ರೋಗಿ ಕರ್ನಾಟಕದ ಆದೇಶದ ವ್ಯಾಪ್ತಿಯಿಂದ ಹೊರಬೀಳುತ್ತಿದ್ದನು. ಸರ್ಕಾರದ ಖರ್ಚಿನ ಚಿಕಿತ್ಸೆ ಬೇಕಿದ್ದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸಬೇಕು, ಸಮೀಪದ ಚಿಕಿತ್ಸೆ ಬೇಕಿದ್ದರೆ ಸ್ವಂತ ಹಣ ಹಾಕಬೇಕು. ಹೀಗೆ ಸಮಯವನ್ನೂ ಹಣವನ್ನೂ ಒಂದಕ್ಕೊಂದು ಎದುರಿಟ್ಟು ಆರಿಸಬೇಕಾದ ಸ್ಥಿತಿ ಒದಗಿತು. 2023ರಲ್ಲಿ ಮಹಾರಾಷ್ಟ್ರವು ತನ್ನ ಜನಾರೋಗ್ಯ ವಿಮಾ ಯೋಜನೆಯನ್ನು ಕರ್ನಾಟಕದ ಗಡಿಭಾಗದ 865 ಊರುಗಳಿಗೆ ವಿಸ್ತರಿಸಲು ಹೊರಟು ಕರ್ನಾಟಕದ ಆಕ್ಷೇಪಕ್ಕೆ ಗುರಿಯಾದ ಪ್ರಸಂಗವನ್ನು ಈ ಬೆಳಕಿನಲ್ಲಿಯೂ ನೋಡಬೇಕಾಗುತ್ತದೆ. ಆ ಯೋಜನೆಯ ಹಿಂದಿನ ರಾಜಕೀಯ ಉದ್ದೇಶ ಸ್ಪಷ್ಟವೇ. ಅದು ಬಳಸಿಕೊಂಡ ಕೊರತೆಯೂ ಅಷ್ಟೇ ನಿಜ.

ಸಿಲಿಂಡರಿನ ಲೆಕ್ಕ

2021ರ ಏಪ್ರಿಲ್–ಮೇ ತಿಂಗಳ ಎರಡನೆಯ ಅಲೆಯಲ್ಲಿ ಕೊರತೆಯ ಕೇಂದ್ರ ವೆಂಟಿಲೇಟರಿನಿಂದ ಆಮ್ಲಜನಕಕ್ಕೆ ಸರಿಯಿತು. ಮೇ 2ರ ರಾತ್ರಿಯಿಂದ 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟ ವರದಿ ರಾಜ್ಯವನ್ನು ತಲ್ಲಣಗೊಳಿಸಿತು. ಆ ಜಿಲ್ಲೆ ತನ್ನ ಸಿಲಿಂಡರುಗಳಿಗೆ ಮೈಸೂರನ್ನು ಅವಲಂಬಿಸಿತ್ತು. ಮೇ 5ರಂದು ಕರ್ನಾಟಕ ಹೈಕೋರ್ಟ್ ರಾಜ್ಯದ ದೈನಂದಿನ ಆಮ್ಲಜನಕದ ಪಾಲನ್ನು 965 ಟನ್ನಿನಿಂದ 1,200 ಟನ್ನಿಗೆ ಏರಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಎರಡು ದಿನಗಳ ಬಳಿಕ ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಹಸ್ತಕ್ಷೇಪ ಮಾಡಲು ನಿರಾಕರಿಸಿತು. ರಾಜ್ಯ ರಾಜ್ಯಗಳ ನಡುವಿನ ಹಂಚಿಕೆ ಹೀಗೆ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ರಾಜ್ಯದೊಳಗಿನ, ಜಿಲ್ಲೆಯೊಳಗಿನ ಹಂಚಿಕೆಗೆ ಅಂತಹ ವೇದಿಕೆ ಇರಲಿಲ್ಲ.

ಈ ಸಂದರ್ಭದಲ್ಲಿ ದೂರವು ಹೇಗೆ ಹಂಚಿಕೆಯ ಮಾನದಂಡವಾಗುತ್ತದೆಂಬುದನ್ನು ಒಂದು ಸರಳ ಲೆಕ್ಕದಿಂದ ಕಾಣಬಹುದು. ಆಂಬ್ಯುಲೆನ್ಸುಗಳಲ್ಲಿ ಸಾಮಾನ್ಯವಾಗಿರುವ 'ಬಿ' ಮಾದರಿಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕವಿರುತ್ತದೆ. ತೀವ್ರ ರೋಗಿಗೆ ನಿಮಿಷಕ್ಕೆ 15 ಲೀಟರ್ ಬೇಕಾದರೆ ಅದು 100 ನಿಮಿಷ ಬರುತ್ತದೆ. 10 ಲೀಟರ್ ಆದರೆ 150 ನಿಮಿಷ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಅಥಣಿಯಿಂದ ಬೆಳಗಾವಿಗೆ ಸುಮಾರು 170 ನಿಮಿಷ. ಅಂದರೆ ಕಡಿಮೆ ಹರಿವಿನ ಲೆಕ್ಕದಲ್ಲಿಯೂ ಒಂದು ಸಿಲಿಂಡರ್ ಬೆಳಗಾವಿಯನ್ನು ತಲುಪುವುದಿಲ್ಲ. ಅದೇ ಸಿಲಿಂಡರ್ ಮೀರಜವನ್ನು ತಲುಪಿ ಮೂರರಲ್ಲೊಂದು ಭಾಗ ಉಳಿಯುತ್ತದೆ. ಆಸ್ಪತ್ರೆಯೊಳಗೆ ಅಧಿಕ ಹರಿವಿನ ನಾಸಿಕ ಸಾಧನಕ್ಕೆ ನಿಮಿಷಕ್ಕೆ 60 ಲೀಟರ್ ಶುದ್ಧ ಆಮ್ಲಜನಕ ಹರಿಸಿದರೆ 7,000 ಲೀಟರಿನ ದೊಡ್ಡ ಸಿಲಿಂಡರೂ ಎರಡು ಗಂಟೆ ಪೂರ್ತಿ ಬರುವುದಿಲ್ಲ. ಹೀಗಿರುವಾಗ ತಾಲ್ಲೂಕು ಆಸ್ಪತ್ರೆಯ ವೈದ್ಯನು ಎದುರಿಸುವ ಪ್ರಶ್ನೆ 'ಯಾರಿಗೆ ಹಾಸಿಗೆ' ಎಂಬುದಲ್ಲ. ಪ್ರಯಾಣವನ್ನು ತಾಳಿಕೊಳ್ಳಬಲ್ಲವರು ಯಾರು, ಅವರೊಂದಿಗೆ ಎರಡು ಸಿಲಿಂಡರ್ ಕಳುಹಿಸಿದರೆ ವಾರ್ಡಿನಲ್ಲಿ ಉಳಿದವರಿಗೆ ಎಷ್ಟು ಗಂಟೆಯ ದಾಸ್ತಾನು ಉಳಿಯುತ್ತದೆ ಎಂಬುದು ಅವನ ಪ್ರಶ್ನೆ. ತುಸು ಸುಸ್ಥಿತಿಯಲ್ಲಿರುವವರನ್ನು ಕಳುಹಿಸಿ, ತೀರ ವಿಷಮಿಸಿದವರನ್ನು ಅಲ್ಲಿಯೇ ಇರಿಸಿಕೊಳ್ಳುವುದು ಇದರ ಸಹಜ ಫಲ. ಸೋಫಾ ಅಂಕವನ್ನು ಯಾರೂ ಲೆಕ್ಕ ಹಾಕದೆಯೇ ಇಲ್ಲಿ ವಿಂಗಡಣೆ ನಡೆದಿರುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕವೂ ನಿಲ್ಲುವುದಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದಾಗ ಕಲ್ಲೋಳ–ಯಡೂರು, ಕಾರದಗಾ–ಭೋಜ ಮೊದಲಾದ ತಗ್ಗು ಸೇತುವೆಗಳು ಮುಳುಗುವುದು ವಾಡಿಕೆ. 2019ರ ಆಗಸ್ಟ್‌ನ ನೆರೆಯ ನೆನಪು ಮಾಸುವ ಮುನ್ನವೇ 2021ರ ಜುಲೈ ಕೊನೆಯಲ್ಲಿ ಮತ್ತೆ ನೆರೆ ಬಂದಿತು. ಆಗ ಗಡಿಯಾಚೆಯ ಸಾಂಗಲಿ, ಕೊಲ್ಲಾಪುರ ಜಿಲ್ಲೆಗಳಲ್ಲಿ ಎರಡನೆಯ ಅಲೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಅಂಕಪದ್ಧತಿಯ ಮಿತಿ

ದೂರದ ಬದಲು ವೈದ್ಯಕೀಯ ಅಂಕವನ್ನೇ ಮಾನದಂಡವಾಗಿಸಿದರೆ ನ್ಯಾಯ ದೊರೆಯುವುದೆಂದು ಭಾವಿಸುವುದೂ ಸರಿಯಲ್ಲ. ಬದುಕುಳಿಯುವ ಸಂಭವವನ್ನು ಎಣಿಸುವಾಗ ಪೂರ್ವದ ಕಾಯಿಲೆಗಳನ್ನು ಕಳೆಯುವುದು ಬಹುತೇಕ ಸೂತ್ರಗಳ ಕ್ರಮ. ತಂಬಾಕಿನ ಧೂಳಿನಲ್ಲಿ ದಶಕಗಳನ್ನು ಕಳೆದ ನಿಪ್ಪಾಣಿಯ ಕಾರ್ಮಿಕಳ ಶ್ವಾಸಕೋಶ ಆ ಲೆಕ್ಕದಲ್ಲಿ ಅವಳ ವಿರುದ್ಧವೇ ಸಾಕ್ಷಿ ನುಡಿಯುತ್ತದೆ. ದುಡಿಮೆಯಿಂದ ಬಂದ ಕಾಯಿಲೆಗೆ ಚಿಕಿತ್ಸೆಯಲ್ಲಿ ಮತ್ತೊಮ್ಮೆ ದಂಡ ತೆರುವಂತಾಗುತ್ತದೆ. ವಯಸ್ಸಿನ ಮಾನದಂಡವೂ ಸುಲಭವಲ್ಲ. ಕಪ್ಪು ಶಿಲೀಂಧ್ರ ರೋಗದ ಔಷಧಿ ಆಂಫೊಟೆರಿಸಿನ್–ಬಿ ವಿರಳವಾದಾಗ 2021ರ ಜೂನ್ 1ರಂದು ದೆಹಲಿ ಹೈಕೋರ್ಟ್ ಕಿರಿಯರಿಗೆ ಆದ್ಯತೆ ನೀಡುವ ನೀತಿಯನ್ನು ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಭಾರತದಲ್ಲಿ ಇಂತಹ ಆಯ್ಕೆಯ ಅನಿವಾರ್ಯತೆಯನ್ನು ಬಹಿರಂಗವಾಗಿ ಒಪ್ಪಿಕೊಂಡ ವಿರಳ ಸಂದರ್ಭಗಳಲ್ಲಿ ಇದೊಂದು.

ಇದಕ್ಕೆ ಪ್ರತಿಯಾದ ಪ್ರಯೋಗವೊಂದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ನಡೆದಿದೆ. 2020ರಲ್ಲಿ ರೆಮ್‌ಡೆಸಿವಿರ್ ಕೊರತೆಯಿದ್ದಾಗ ಅಲ್ಲಿನ ಆಸ್ಪತ್ರೆ ಸಮೂಹವು ಲಾಟರಿಯ ಮೂಲಕ ಔಷಧಿಯನ್ನು ಹಂಚಿ, ಹಿಂದುಳಿದ ವಸತಿ ಪ್ರದೇಶಗಳಿಂದ ಬಂದವರಿಗೆ ಗೆಲ್ಲುವ ಸಂಭವವನ್ನು ತುಸು ಹೆಚ್ಚಿಸಿತು. ವಾಸಸ್ಥಳದಿಂದಾದ ಅನನುಕೂಲವನ್ನು ಹಂಚಿಕೆಯ ಸೂತ್ರದಲ್ಲಿಯೇ ಸರಿದೂಗಿಸಬಹುದೆಂಬುದು ಇದರಿಂದ ತಿಳಿಯುತ್ತದೆ. ಲಾಟರಿಯನ್ನು ಈ ನಾಡಿನ ಆಸ್ಪತ್ರೆಯಲ್ಲಿ ಜನ ಒಪ್ಪುವರೇ ಎಂಬುದು ಬೇರೆ ಮಾತು.

ಸರದಿಯನ್ನು ಎಲ್ಲಿಂದ ಎಣಿಸಬೇಕು

ತುರ್ತು ಚಿಕಿತ್ಸೆಯ ಹಕ್ಕನ್ನು ಕುರಿತು ಸುಪ್ರೀಂ ಕೋರ್ಟ್ ನೀಡಿದ ಪ್ರಮುಖ ತೀರ್ಪು 1996ರದು. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ಗಾಯಗೊಂಡ ಕೃಷಿ ಕಾರ್ಮಿಕನೊಬ್ಬನನ್ನು ಹಾಸಿಗೆಯಿಲ್ಲವೆಂದು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಿಂದೆ ಕಳುಹಿಸಿದ ಪ್ರಕರಣವದು. ಹಣಕಾಸಿನ ಕೊರತೆಯನ್ನು ನೆಪವಾಗಿಸುವಂತಿಲ್ಲವೆಂಬ ಅದರ ಮಾತು ಆಗಾಗ ಉಲ್ಲೇಖಗೊಳ್ಳುತ್ತದೆ. ಅದರ ಕೊನೆಯ ಭಾಗದಲ್ಲಿರುವ ಸೂಚನೆಗಳಾದರೋ ಹೆಚ್ಚು ಪ್ರಾಯೋಗಿಕವಾದವು: ಜಿಲ್ಲಾ ಮತ್ತು ಉಪವಿಭಾಗ ಮಟ್ಟದ ಆಸ್ಪತ್ರೆಗಳನ್ನು ಮೇಲ್ದರ್ಜೆಗೇರಿಸುವುದು, ಹಾಸಿಗೆ ಎಲ್ಲಿ ಖಾಲಿಯಿದೆಯೆಂದು ತಿಳಿಸುವ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ, ಸುಸಜ್ಜಿತ ಆಂಬ್ಯುಲೆನ್ಸ್. ಚಿಕ್ಕೋಡಿ ಉಪವಿಭಾಗದ ಕೇಂದ್ರವೆಂಬುದನ್ನು ಇಲ್ಲಿ ನೆನೆಯಬೇಕು. ಕೇಂದ್ರೀಕೃತ ಹಾಸಿಗೆ ಹಂಚಿಕೆಯು ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂದುದು 2020ರಲ್ಲಿ, ಅದೂ ಮುಖ್ಯವಾಗಿ ಬೆಂಗಳೂರಿನಲ್ಲಿ. 2021ರ ಮೇ ತಿಂಗಳಲ್ಲಿ ಅದರಲ್ಲಿ ಅಕ್ರಮದ ಆರೋಪಗಳೂ ಕೇಳಿಬಂದವು. ಬೆಂಗಳೂರಿನ ತಜ್ಞರು ದೂರಸಂಪರ್ಕದ ಮೂಲಕ ಜಿಲ್ಲಾ ಆಸ್ಪತ್ರೆಗಳ ತೀವ್ರ ನಿಗಾ ರೋಗಿಗಳನ್ನು ಪರಿಶೀಲಿಸುವ ವ್ಯವಸ್ಥೆ ಅದಕ್ಕಿಂತ ಹೆಚ್ಚು ಪ್ರಯೋಜನಕರವಾಗಿತ್ತೆನ್ನಬಹುದು, ಏಕೆಂದರೆ ಅದು ರೋಗಿಯ ಬದಲು ಪರಿಣತಿಯನ್ನು ಪ್ರಯಾಣ ಮಾಡಿಸಿತು.

ಹಂಚಿಕೆಯ ಸೂತ್ರದಲ್ಲಿಯೇ ಒಂದು ತಿದ್ದುಪಡಿ ಸಾಧ್ಯವಿದೆ. ಸರದಿಯನ್ನು ರೋಗಿಯು ದೊಡ್ಡ ಆಸ್ಪತ್ರೆಯ ಬಾಗಿಲು ತಲುಪಿದ ಕ್ಷಣದಿಂದ ಎಣಿಸುವ ಬದಲು, ತೀವ್ರ ನಿಗಾ ಅಗತ್ಯವೆಂದು ತಾಲ್ಲೂಕು ಆಸ್ಪತ್ರೆಯ ವೈದ್ಯರು ದಾಖಲಿಸಿದ ಕ್ಷಣದಿಂದ ಎಣಿಸುವುದೇ ಆ ತಿದ್ದುಪಡಿ. ಕರ್ನಾಟಕಕ್ಕೆ ಇದು ಅಪರಿಚಿತ ತತ್ತ್ವವಲ್ಲ. 2007ರಲ್ಲಿ ಆರಂಭವಾಗಿ ಇಂದು 'ಜೀವಸಾರ್ಥಕತೆ' ಎಂಬ ಹೆಸರಿನಲ್ಲಿರುವ ಅಂಗಾಂಗ ಹಂಚಿಕೆಯ ವ್ಯವಸ್ಥೆ ನೋಂದಣಿಯನ್ನು ಆಧರಿಸಿದೆ. ಮೂತ್ರಪಿಂಡಕ್ಕಾಗಿ ಯಾರೂ ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಬಂದು ನಿಲ್ಲಬೇಕಾಗಿಲ್ಲ. ತೀವ್ರ ನಿಗಾ ಹಾಸಿಗೆಯ ವಿಷಯದಲ್ಲಿ ಕಾಲಾವಕಾಶ ಗಂಟೆಗಳಷ್ಟೇ ಆದುದರಿಂದ, ಅಥಣಿಯಿಂದ ಹೊರಟವರಿಗಾಗಿ ಮೂರು ಗಂಟೆ ಹಾಸಿಗೆಯನ್ನು ಖಾಲಿಯಿಡುವುದು ಕಣ್ಣೆದುರಿನ ರೋಗಿಗೆ ಅನ್ಯಾಯವಲ್ಲವೇ ಎಂಬ ಆಕ್ಷೇಪ ಏಳುತ್ತದೆ. ಆಕ್ಷೇಪ ಗಂಭೀರವಾದುದೇ. ಹಾಸಿಗೆಯನ್ನು ಖಾಲಿಯಿಡದೆ, ಮುಂದೆ ತೆರವಾಗುವ ಹಾಸಿಗೆಗಳಲ್ಲಿ ನಿರ್ದಿಷ್ಟ ಪಾಲನ್ನು ಉತ್ತರ ತಾಲ್ಲೂಕುಗಳ ನೋಂದಾಯಿತರಿಗೆ ಬಿಡುವುದರಿಂದ ಅದನ್ನು ಬಹುಪಾಲು ನಿವಾರಿಸಬಹುದು. ಮೀರಜ, ಕೊಲ್ಲಾಪುರಗಳ ಹಾಸಿಗೆಗಳನ್ನೂ ಇದೇ ನೋಂದಣಿಯಲ್ಲಿ ಸೇರಿಸಿ, ವೆಚ್ಚವನ್ನು ರೋಗಿಯ ರಾಜ್ಯವೇ ಭರಿಸುವ ಒಪ್ಪಂದ ಎರಡು ರಾಜ್ಯಗಳ ನಡುವೆ ಏರ್ಪಟ್ಟಲ್ಲಿ ಕಾಗವಾಡದ ಲೆಕ್ಕವೇ ಬದಲಾಗುತ್ತದೆ. ಪಿ.ಎಂ. ಕೇರ್ಸ್ ನಿಧಿಯಿಂದ ದೇಶದಲ್ಲಿ 1,200ಕ್ಕೂ ಮಿಕ್ಕಿ ಆಮ್ಲಜನಕ ಉತ್ಪಾದನಾ ಘಟಕಗಳು ಮಂಜೂರಾದವು. ಘಟಕವಿದ್ದೂ ರಾತ್ರಿ ಪಾಳಿಗೆ ಅರಿವಳಿಕೆ ತಜ್ಞರೂ ತರಬೇತಾದ ದಾದಿಯರೂ ಇಲ್ಲದ ಕಡೆ ದೂರ ಕಡಿಮೆಯಾಗುವುದಿಲ್ಲ.

ಈ ವಿಷಯದ ಮುಂದಿನ ಅಧ್ಯಯನಕ್ಕೆ ಬೇಕಾದ ಆಕರಗಳು ತಾಲ್ಲೂಕು ಆಸ್ಪತ್ರೆಗಳ ರವಾನೆ ದಾಖಲೆ ಪುಸ್ತಕಗಳಲ್ಲಿಯೂ ಆಂಬ್ಯುಲೆನ್ಸ್ ಚಾಲಕರ ದಿನಚರಿಗಳಲ್ಲಿಯೂ ಇವೆ. ಮರಣ ಪ್ರಮಾಣವನ್ನು ಆಸ್ಪತ್ರೆಗಳು ತಮ್ಮಲ್ಲಿ ದಾಖಲಾದವರ ಸಂಖ್ಯೆಯಿಂದ ಲೆಕ್ಕ ಹಾಕುತ್ತವೆ. ತಾಲ್ಲೂಕು ಆಸ್ಪತ್ರೆಯಿಂದ ಬಿಡುಗಡೆಗೊಂಡು ಬೆಳಗಾವಿಯನ್ನು ತಲುಪುವ ಮೊದಲೇ ತೀರಿಕೊಂಡವರು ಆ ಎರಡೂ ಆಸ್ಪತ್ರೆಗಳ ಲೆಕ್ಕದಲ್ಲಿ ಬರುವುದಿಲ್ಲ. ಅವರು ಹೊರಟ ವೇಳೆ ಒಂದು ಪುಸ್ತಕದಲ್ಲಿದೆ, ತಲುಪಿದ ವೇಳೆ ಯಾವ ಪುಸ್ತಕದಲ್ಲಿಯೂ ಇಲ್ಲ.